ಆರನೇ ವಾರ್ಡಿನ ಖಾಲಿ ಹಾಸಿಗೆ

"ಇದೇನು ಹಾಸಿಗೆಗೆ ಹಾಸೋದಾ, ನಿಮ್ಮಪ್ಪನ ಹೆಣಕ್ಕೆ ಹೊದಿಸಿದ್ದನ್ನ ಕಿತ್ಕೊಂಡು ಬಂದ್ಯಾ?"

ಮ್ಯಾನೇಜರು ಎಸೆದ ಶೀಟು ಬಿಳಿಯಕ್ಕನ ಮುಖಕ್ಕೆ ಬಡಿದು ಹೆಗಲ ಮೇಲೆ ಜೋತುಬಿತ್ತು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಆಗ ಏಳು ಜನ ಹೆಂಗಸರಿದ್ದರು. ಕುದಿಯುವ ಹಂಡೆಯಲ್ಲಿ ತಿರುವುತ್ತಿದ್ದವಳ ಕೋಲು ನಿಂತಿತು, ಹಿಂಡುತ್ತಿದ್ದವರ ಕೈ ನಿಂತವು. ಬಿಳಿಯಕ್ಕ ಮಾತ್ರ ಶೀಟನ್ನು ಹೆಗಲಿಂದಿಳಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಮೂಲೆಯಲ್ಲಿದ್ದ ಬೆರಳಗಲದ ಕಂದು ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಇದು ಅಯೋಡಿನ್ನು ಸಾರ್. ಬ್ಲೀಚ್ ಹಾಕಿದ್ರೆ ಕಲೆ ಹೋಗೋಕೆ ಮುಂಚೆ ಬಟ್ಟೆನೇ ಹೋಗುತ್ತೆ."

"ನಂಗೆ ಪಾಠ ಹೇಳ್ಬೇಡ, ಮುಂಡೆ. ಗುರುವಾರ ಯಾರು ಬರ್ತಿದಾರೆ ಗೊತ್ತಾ? ಪ್ರಪಂಚಕ್ಕೆಲ್ಲ ಸಾಲ ಕೊಡೋ ಸಂಸ್ಥೆಯೋರು. ಅವರು ಮೂಗು ಮುರಿದ್ರೆ ಈ ದೇಶಕ್ಕೆ ಎಲ್ಲೂ ಒಂದು ಕಾಸು ಹುಟ್ಟಲ್ಲ. ಔಷಧಿ ಹಡಗು ಬಂದರಲ್ಲಿ ನಿಂತು ತಿಂಗಳಾಯ್ತು, ಹಣ ಕೊಡದೆ ಇಳಿಸಲ್ಲ ಅಂತಿದಾರೆ. ಒಂದು ಕಲೆ ಕಾಣ್ಲಿ, ನಿಮ್ಮೇಳು ಜನದ ಚರ್ಮ ಸುಲಿದು ಹಾಸ್ತೀನಿ."

ಅವನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊರಟುಹೋದ. ಹಂಡೆಯ ಹತ್ತಿರ ಇದ್ದವಳು ಅವನ ಹೆಜ್ಜೆ ಸದ್ದು ಮರೆಯಾಗುವವರೆಗೆ ಕಾದು, "ನಮ್ಮ ಚರ್ಮ ಹಾಸಿದ್ರೆ ಕಲೆ ಇನ್ನೂ ಜಾಸ್ತಿ ಕಾಣುತ್ತೆ ಸಾರ್ ಅನ್ಬೇಕಿತ್ತು ಕಣೇ," ಎಂದಳು. ಎಲ್ಲರೂ ನಕ್ಕರು. ಬಿಳಿಯಕ್ಕ ನಗಲಿಲ್ಲ. ಅಪ್ಪನನ್ನು ಎತ್ತಿ ಆಡಿದ್ದಕ್ಕೆ ಅವಳಿಗೆ ಬೇಜಾರಾಗಿರಲಿಲ್ಲ, ಆ ಮಾತು ಇಪ್ಪತ್ತೆರಡು ವರ್ಷದಿಂದ ಕೇಳಿದ್ದೇ. ತಾನು ಒಗೆದ ಶೀಟಿನಲ್ಲಿ ಕಲೆ ಸಿಕ್ಕಿತಲ್ಲ ಅನ್ನುವುದೇ ಅವಳಿಗೆ ಮುಳ್ಳಾಗಿತ್ತು.

ಅವಳು ಕಾಡಿಗೆಗಿಂತ ಒಂದು ಕೈ ಹೆಚ್ಚು ಕಪ್ಪು. ಆದರೂ ಬಿಳಿಯಕ್ಕ ಅಂತ ಹೆಸರು ಬಿದ್ದದ್ದು ಅವಳ ಕೈಯಿಂದ ಬರುವ ಶೀಟಿಗೆ. ರಕ್ತ, ಕೀವು, ವಾಂತಿ, ಹೆರಿಗೆಯ ನೀರು, ಯಾವುದಕ್ಕೆ ತಣ್ಣೀರು, ಯಾವುದಕ್ಕೆ ಬಿಸಿ, ಯಾವುದನ್ನು ರಾತ್ರಿಯಿಡೀ ನೆನೆಸಬೇಕು ಎಂಬುದೆಲ್ಲ ಅವಳಿಗೆ ಕರತಲಾಮಲಕ. ಬಂದ ಶೀಟು ನೋಡಿಯೇ ಅದರ ಮೇಲೆ ಮಲಗಿದ್ದವರು ಚೇತರಿಸಿಕೊಳ್ಳುತ್ತಿದ್ದಾರೋ ಇಲ್ಲವೋ ಹೇಳುತ್ತಿದ್ದಳು. ಡಾಕ್ಟರ ಮಾತು ತಪ್ಪಿದ್ದುಂಟು, ಬಿಳಿಯಕ್ಕನ ಮಾತು ತಪ್ಪಿದ್ದು ಕಡಿಮೆ. ಹಾಗಾಗಿ ಆರನೇ ವಾರ್ಡಿನ ಬಾಗಿಲ ಪಕ್ಕದ ಹಾಸಿಗೆಯಿಂದ ಬರುವ ಶೀಟನ್ನು ಮಾತ್ರ ಅವಳು ನೋಡುತ್ತಿರಲಿಲ್ಲ. ಕಣ್ಣು ಬೇರೆ ಕಡೆ ತಿರುಗಿಸಿ ಹಂಡೆಗೆ ಹಾಕಿಬಿಡುತ್ತಿದ್ದಳು. ಅಲ್ಲಿ ಮಲಗಿದ್ದವಳು ಅವಳ ತಂಗಿ.

ತಂಗಿ ಹದಿನೆಂಟು ವರ್ಷ ಹತ್ತಿ ಮಿಲ್ಲಿನಲ್ಲಿ ಒತ್ತಿ ಕಟ್ಟಿದ ಅಂಡಿಗೆ ಬಿಚ್ಚಿ ಹತ್ತಿ ಬಿಡಿಸುವ ಕೆಲಸ ಮಾಡಿದವಳು. ಆ ಧೂಳು ಒಳಗೆ ಹೋಗಿ ಕೂತುಬಿಟ್ಟಿತ್ತು. ಮಿಲ್ಲು ಮುಚ್ಚಿತು, ಧೂಳು ಮಾತ್ರ ಅವಳನ್ನು ಬಿಡಲಿಲ್ಲ. ಗೋಡೆಯಿಂದ ಬರುವ ಆಕ್ಸಿಜನ್ ಕೊಳವೆ ಮೂಗಿಗೆ ಇದ್ದರೆ ಅವಳು ಮಾತಾಡುತ್ತಾಳೆ, ಗಂಜಿ ಕುಡಿಯುತ್ತಾಳೆ, ಚಾಡಿ ಹೇಳುತ್ತಾಳೆ. ಕೊಳವೆ ತೆಗೆದರೆ ಅರ್ಧ ಗಂಟೆಯಲ್ಲಿ ತುಟಿ ನೇರಳೆ. ಗೋಡೆಯಲ್ಲಿ ಆ ಕೊಳವೆ ಇದ್ದದ್ದು ಹೆಂಗಸರ ಆರನೇ ವಾರ್ಡಿನಲ್ಲಿ ಮಾತ್ರ. ಅಲ್ಲಿ ಮೂವತ್ತೆರಡು ಹಾಸಿಗೆ, ಐವತ್ತೊಂದು ಜನ. ಕೆಲವು ಹಾಸಿಗೆಯಲ್ಲಿ ಇಬ್ಬಿಬ್ಬರು, ಒಬ್ಬಳ ತಲೆಯ ಹತ್ತಿರ ಇನ್ನೊಬ್ಬಳ ಕಾಲು. ಉಳಿದವರು ನೆಲದ ಮೇಲೆ. ತಂಗಿಯ ಜೊತೆಗಾತಿ ಸೊಪ್ಪು ಮಾರುವ ಒಬ್ಬ ಅಜ್ಜಿ.

"ಈ ಸಾಲ ಕೊಡೋರು ನಮ್ಮ ಶೀಟು ಯಾಕೆ ನೋಡ್ಬೇಕು?" ಅಂತ ಬಿಳಿಯಕ್ಕ ಅವತ್ತು ಇಸ್ತ್ರಿಯವನನ್ನು ಕೇಳಿದಳು. ಅವನಿಗೆ ಎಲ್ಲರೂ ಪೇಪರ್ ಅನ್ನುತ್ತಿದ್ದರು. ಡಾಕ್ಟರುಗಳು ಬಿಸಾಕಿದ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು, ಅದರ ಮೇಲೆಯೇ ಇಸ್ತ್ರಿ ಮಾಡುತ್ತ, ಓದುತ್ತ, ಎಷ್ಟೋ ಕಾಲರು ಸುಟ್ಟವನು ಅವನು.

"ಚೀಟಿ ಹಾಕ್ತಾರಲ್ಲ ಅಕ್ಕ, ಹಂಗೆ. ಪ್ರಪಂಚದ ದೇಶಗಳೆಲ್ಲ ಸೇರಿ ಒಂದು ಗಂಟು ಇಟ್ಟಿವೆ. ಯಾರಾದ್ರೂ ಮುಳುಗೋ ಹಂಗಾದ್ರೆ ಅದ್ರಿಂದ ಎತ್ತಿ ಕೊಡ್ತಾರೆ. ಒಬ್ಬ ಮುಳುಗಿದ್ರೆ ಪಕ್ಕದೋನ ಕಾಲು ಹಿಡ್ಕೊಂಡು ಎಳೀತಾನೆ ಅಂತ ಎಲ್ರಿಗೂ ಭಯ."

"ಒಳ್ಳೇದೇ ಅಲ್ವಾ ಮತ್ತೆ."

"ಒಳ್ಳೇದೇ. ಆದ್ರೆ ಕೊಡೋ ಮುಂಚೆ ಮನೆಗೆ ಬಂದು ನೋಡ್ತಾರೆ. ಎಲ್ಲಿ ದುಂದು ಮಾಡ್ತಿದೀರ, ಅದನ್ನ ನಿಲ್ಸಿ ಅಂತಾರೆ."

"ನೋಡ್ಲಿ ಬಿಡು. ನಮ್ಮಲ್ಲೇನು ದುಂದು ಇದೆ?" ಎಂದಳು ಬಿಳಿಯಕ್ಕ. ಅವಳ ತಲೆಯಲ್ಲಿ ಆಗಲೇ ಲೆಕ್ಕಾಚಾರ ಬೇರೆ ಕಡೆ ಓಡುತ್ತಿತ್ತು. ಮನೆ ನೋಡಲು ಬರುವವರು ಚೊಕ್ಕಟವಾಗಿರುವ ಮನೆಗೆ ತಾನೇ ಕೈ ಎತ್ತಿ ಕೊಡುತ್ತಾರೆ. ಕೊಟ್ಟರೆ ಹಡಗು ಇಳಿಯುತ್ತದೆ. ಇಳಿದರೆ ತಂಗಿಯ ಔಷಧಿ ಬರುತ್ತದೆ.

ಮೂರು ದಿನ ಅವಳು ಮನೆಗೆ ಹೋಗಲಿಲ್ಲ. ಉಗ್ರಾಣದಿಂದ ಮಡಿಕೆ ಬಿಚ್ಚದ ಹಳೆಯ ಶೀಟುಗಳನ್ನೆಲ್ಲ ಹೊರಗೆ ತೆಗೆಸಿದಳು, ನೀಲಿ ಹಾಕಿದಳು, ಗಂಜಿ ಹಾಕಿದಳು. ಬುಧವಾರ ಸಂಜೆ ಗಾಡಿಯಲ್ಲಿ ಹೇರಿಕೊಂಡು ಆರನೇ ವಾರ್ಡಿಗೆ ಬಂದು ಒಂದು ಸಾಲು ಹಾಸಿ, ಬಾಗಿಲಲ್ಲಿ ನಿಂತು ನೋಡಿದಾಗ ಅವಳ ಜೀವ ಕುಗ್ಗಿಹೋಯಿತು. ಶೀಟೇ ಕಾಣುತ್ತಿರಲಿಲ್ಲ. ಕಂಬಳಿ ಕಾಣುತ್ತಿತ್ತು, ಒಣಗಿದ ಕಾಲು ಕಾಣುತ್ತಿದ್ದವು, ಬಕೆಟ್ಟು, ಗಂಟು, ತಟ್ಟೆ ಕಾಣುತ್ತಿದ್ದವು.

"ನರ್ಸಮ್ಮ, ನಾಳೆಗೆ ಏನಂತ ಹೇಳಿದಾರೆ?"

"ನೆಲದ ಮೇಲಿರೋರು ಕಾಣಬಾರದು, ಹಾಸಿಗೆಗೆ ಒಬ್ಬರೇ ಇರಬೇಕು ಅಂತ," ಎಂದಳು ವಾರ್ಡಿನ ನರ್ಸು. ಇನ್ನೆರಡು ವರ್ಷಕ್ಕೆ ನಿವೃತ್ತಿ, ಬೈದರೂ ಹೊಡೆದರೂ ರೋಗಿಗಳನ್ನು ಬಿಟ್ಟು ಹೋಗದ ಹೆಂಗಸು.

"ಮೇಲೆ ಮನುಷ್ಯರಿದ್ರೆ ನಮ್ಮ ಶೀಟು ಯಾರಿಗೆ ಕಾಣುತ್ತಮ್ಮ? ಅರ್ಧದಷ್ಟು ಹಾಸಿಗೆ ಹಂಗೇ ಹಾಸಿ ಬಿಡೋಣ. ಬಾಗಿಲಿಂದ ನೋಡಿದ್ರೆ ಹಾಲು ಚೆಲ್ಲಿದಂಗೆ ಇರುತ್ತೆ."

"ಇವರನ್ನೆಲ್ಲ ಎಲ್ಲಿ ಹಾಕ್ಲಿ, ನನ್ನ ತಲೆ ಮೇಲಾ?"

"ನಮ್ಮ ಒಣಗಿಸೋ ಶೆಡ್ಡಲ್ಲಿ. ಅರ್ಧ ದಿನ ಅಷ್ಟೇ. ನಾನು ಹೇಳಿ ಒಪ್ಪಿಸ್ತೀನಿ."

ಒಪ್ಪಿಸಿದಳು. ಮ್ಯಾನೇಜರು ಹೇಳಿದ್ದರೆ ಒಬ್ಬರೂ ಏಳುತ್ತಿರಲಿಲ್ಲ. ಬಿಳಿಯಕ್ಕ ಹೇಳಿದ್ದಕ್ಕೆ ಎದ್ದರು. ಒಬ್ಬೊಬ್ಬರ ಪಕ್ಕ ಕೂತು, ಕೈ ಹಿಡಿದು, ನೆಂಟರು ಬಂದು ಹೋದ ಮೇಲೆ ಹೊಸ ಶೀಟು ನಿಮಗೇ ಅಂತ ಆಸೆ ತೋರಿಸಿದಳು. ಕೊನೆಗೆ ಬಾಗಿಲ ಪಕ್ಕದ ಹಾಸಿಗೆಗೆ ಬಂದಳು. ಒಳಗೆ ಕಾಲಿಡುವವರ ಕಣ್ಣಿಗೆ ಮೊದಲು ಬೀಳುವುದು ಅದೇ.

"ನೀನೂ ಏಳ್ಬೇಕು ಕಣೇ."

ತಂಗಿ ಅವಳನ್ನೇ ನೋಡಿದಳು. "ನೆಂಟರು ಬರ್ತಾರೆ ಅಂತ ಮನೆಯೋರನ್ನ ಹೊರಗಟ್ಟೋದು ನಿನ್ನಲ್ಲೇ ನೋಡಿದ್ದು ಅಕ್ಕ."

"ಶೆಡ್ಡಲ್ಲಿ ಒಂದು ಸಿಲಿಂಡರ್ ಇಡಿಸ್ತೀನಿ. ಉಸಿರಿಗೆ ಕಷ್ಟ ಇರೋ ಆರು ಜನ ಸರದಿ ಮೇಲೆ ಹಿಡ್ಕೊಳ್ಳಿ."

"ಸರಿ ಬಿಡು. ನಿನ್ನ ಶೀಟಿಗಿಂತ ನಾನು ಹೆಚ್ಚಾ," ಎಂದು ತಂಗಿ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದಳು.

ಗುರುವಾರ ಹತ್ತೂವರೆಗೆ ಅವರು ಬಂದರು. ಆರು ಜನ, ನಮ್ಮ ಕಡೆಯವರು ಇಪ್ಪತ್ತು ಜನ. ಮುಂದೆ ನಡೆಯುತ್ತಿದ್ದವಳು ನರೆಗೂದಲನ್ನು ಮೋಟಾಗಿ ಕತ್ತರಿಸಿಕೊಂಡ ಹೆಂಗಸು. ಬಿಳಿಯಕ್ಕನಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. ಚಪ್ಪಟೆ ಬೂಟು, ಕೈಯಲ್ಲೊಂದು ಸಣ್ಣ ಪುಸ್ತಕ. ಗತ್ತು ಗೈರತ್ತು ಏನೂ ಇರಲಿಲ್ಲ. ವಾರ್ಡಿನ ಬಾಗಿಲಲ್ಲಿ ಅವಳು ನಿಂತೇಬಿಟ್ಟಳು. ಹದಿನಾಲ್ಕು ಹಾಸಿಗೆಯಲ್ಲಿ ಹದಿನಾಲ್ಕು ಜನ, ತಲೆ ಬಾಚಿಕೊಂಡು. ಉಳಿದ ಹದಿನೆಂಟರಲ್ಲಿ ಶೀಟು ಮಾತ್ರ, ಮೂಲೆ ಮಡಿಸಿ, ಸುಕ್ಕಿಲ್ಲದೆ, ಕಿಟಕಿಯ ಬಿಸಿಲಿಗೆ ಹೊಳೆಯುತ್ತಿದ್ದವು. ಅವಳು ಬಾಗಿಲ ಪಕ್ಕದ ಹಾಸಿಗೆಯ ಮೇಲೆ ಅಂಗೈ ಇಟ್ಟು ಸವರಿದಳು. ಏನೋ ಕೇಳಿದಳು.

"ಇದನ್ನ ಒಗೆಯೋರು ಯಾರು ಅಂತ ಕೇಳ್ತಿದಾರೆ," ಎಂದ ದುಭಾಷಿ.

ಬಿಳಿಯಕ್ಕನನ್ನು ಹಿಂದಿನಿಂದ ಯಾರೋ ಮುಂದಕ್ಕೆ ತಳ್ಳಿದರು. ಆ ಹೆಂಗಸು ಕೈ ಚಾಚಿದಳು. ಬ್ಲೀಚು ತಿಂದು ಬಿರುಕುಬಿಟ್ಟ ತನ್ನ ಕೈಯನ್ನು ಏಪ್ರನ್ನಿಗೆ ಎರಡು ಸಲ ಒರೆಸಿಕೊಂಡು ಬಿಳಿಯಕ್ಕ ಕೊಟ್ಟಳು. ಹೆಂಗಸು ಆ ಕೈಯನ್ನು ತಿರುಗಿಸಿ ನೋಡಿ, ಹಗುರಾಗಿ ಒತ್ತಿ, ಮತ್ತೇನೋ ಹೇಳಿದಳು.

"ಇಷ್ಟು ಚೆನ್ನಾಗಿ ಇಟ್ಟಿರೋ ಆಸ್ಪತ್ರೆ ಈ ದೇಶದಲ್ಲಿ ನೋಡಿರಲಿಲ್ವಂತೆ."

ಅಷ್ಟರಲ್ಲಿ ಹಿಂದಿನ ಗೋಡೆಯ ಆಚೆಯಿಂದ ಕೆಮ್ಮು ಕೇಳಿಸಿತು. ಒಣಗಿಸುವ ಶೆಡ್ಡು ಇದ್ದದ್ದು ಅಲ್ಲೇ. ಒಬ್ಬರು ಕೆಮ್ಮಿದರೆ ಹತ್ತು ಜನಕ್ಕೆ ಕೆಮ್ಮು ಬರುತ್ತದೆ. ಹೆಂಗಸು ತಲೆ ಎತ್ತಿದಳು. "ಬಾಯ್ಲರ್ ಮೇಡಂ, ಹಳೇದು," ಎಂದ ಮ್ಯಾನೇಜರು ನಗುತ್ತ. ಕೆಮ್ಮು ಒಮ್ಮೆಲೇ ನಿಂತುಹೋಯಿತು. ಒದ್ದೆ ಶೀಟಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದರಂತೆ, ಆಮೇಲೆ ಅಜ್ಜಿ ಹೇಳಿದಳು.

ಹೆಂಗಸು ಮತ್ತೊಂದು ಪ್ರಶ್ನೆ ಕೇಳಿದಳು. ಮ್ಯಾನೇಜರನ್ನಲ್ಲ, ಬಿಳಿಯಕ್ಕನನ್ನು.

"ಯಾವಾಗ್ಲೂ ಇಷ್ಟು ಹಾಸಿಗೆ ಖಾಲಿ ಇರುತ್ತಾ ಅಂತ."

ಬಿಳಿಯಕ್ಕನಿಗೆ ಎದೆ ತುಂಬಿ ಬಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಯಾವ ದೊಡ್ಡವರೂ ಆ ಕೈಯನ್ನು ಮುಟ್ಟಿರಲಿಲ್ಲ. "ಇರುತ್ತಮ್ಮ," ಎಂದಳು. "ಯಾರು ಯಾವ ಹೊತ್ತಲ್ಲಿ ಬಂದ್ರೂ ನಮ್ಮಲ್ಲಿ ಜಾಗ ಇರುತ್ತೆ."

ಹೆಂಗಸು ತಲೆದೂಗಿ ಪುಸ್ತಕದಲ್ಲಿ ಬರೆದುಕೊಂಡಳು.

ಅವರ ಕಾರುಗಳು ಗೇಟು ದಾಟುವಾಗ ಎರಡು ಗಂಟೆ. ಬಿಳಿಯಕ್ಕ ಶೆಡ್ಡಿಗೆ ಓಡಿದಳು. ಹಬೆಯಲ್ಲಿ ಮೂವತ್ತೇಳು ಜನ ನೆನೆದು ಮುದ್ದೆಯಾಗಿದ್ದರು. ಸಿಲಿಂಡರು ಮಧ್ಯಾಹ್ನ ಒಂದಕ್ಕೇ ಮುಗಿದಿತ್ತು. ತಂಗಿಯ ತುಟಿ ನೇರಳೆಯಾಗಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಎತ್ತಿಕೊಂಡು ಹೋಗಿ ಗೋಡೆಯ ಕೊಳವೆ ಸಿಕ್ಕಿಸಿದ ಮೇಲೆ ಮುಕ್ಕಾಲು ಗಂಟೆಗೆ ಬಣ್ಣ ಬಂತು. ಮಾತು ಬಂದ ತಕ್ಷಣ ಕೇಳಿದ್ದು ಒಂದೇ. "ಶೀಟು ಹಿಡಿಸ್ತಾ?"

"ಕೈ ಕುಲುಕಿದ್ಲು ಕಣೇ."

"ಹೌದಾ," ಎಂದು ತಂಗಿ ಆ ಕೈಯನ್ನು ಎಳೆದುಕೊಂಡು ಮೂಸಿ ನೋಡಿದಳು. "ಸೆಂಟಿನ ವಾಸನೆ ಇನ್ನೂ ಇದೆ." ಬಿಳಿಯಕ್ಕನ ಬದುಕಿನಲ್ಲಿ ಅಷ್ಟು ಖುಷಿಯಾದ ದಿನ ಇನ್ನೊಂದಿರಲಿಲ್ಲ.

ಎರಡು ತಿಂಗಳಲ್ಲಿ ಸಾಲ ಬಂತು. ಸುಳ್ಳಲ್ಲ, ನಿಜವಾಗಿಯೂ ಬಂತು. ಹಡಗು ಇಳಿಯಿತು, ಮಾತ್ರೆಗಳ ಡಬ್ಬ ಬಂದವು, ಬ್ರೆಡ್ಡಿನ ಬೆಲೆ ಏರುವುದು ನಿಂತಿತು. ಪೇಪರ್ ಒಬ್ಬ ಡಾಕ್ಟರ ಕೋಟು ಸುಡುತ್ತ ಓದಿ ಹೇಳಿದ. ನಮ್ಮ ನಾಣ್ಯ ಕಾಲೂರಿ ನಿಂತಿದೆಯಂತೆ, ಅಕ್ಕಪಕ್ಕದ ದೇಶಗಳಿಗೆ ಹರಡಬಹುದಾಗಿದ್ದ ಅಪಾಯ ತಪ್ಪಿತಂತೆ, ಪ್ರಪಂಚದ ಮಾರುಕಟ್ಟೆಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟಿವೆಯಂತೆ.

ಅದೇ ವಾರ ಆರನೇ ವಾರ್ಡಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದರು. ಹಾಸಿಗೆಗಳ ಬಳಕೆ ಶೇಕಡಾ ನಲವತ್ತನಾಲ್ಕು ಮಾತ್ರ ಇರುವುದರಿಂದ ಈ ವಾರ್ಡನ್ನು ಮುಚ್ಚಿ ಏಳನೇ ವಾರ್ಡಿನೊಂದಿಗೆ ಸೇರಿಸಲಾಗಿದೆ. ಬಟ್ಟೆ ಒಗೆಯುವ ಕೆಲಸ ಗುತ್ತಿಗೆಗೆ. ಏಳು ಜನರಲ್ಲಿ ನಾಲ್ವರಿಗೆ ತಿಂಗಳ ಕೊನೆಗೆ ಬಿಡುಗಡೆ.

ಬಿಳಿಯಕ್ಕ ಮ್ಯಾನೇಜರ ಕೋಣೆಗೆ ಹೋದಳು. ಅವನು ಕೂರು ಅನ್ನಲಿಲ್ಲ.

"ಸಾರ್, ಅವತ್ತು ಮೂವತ್ತೇಳು ಜನ ಶೆಡ್ಡಲ್ಲಿದ್ರು. ನಿಮಗೂ ಗೊತ್ತು. ಒಂದು ಕಾಗದ ಬರೀರಿ ಅವರಿಗೆ."

"ಏನಂತ ಬರೀಲಿ? ಸರ್ಕಾರದ ಆಸ್ಪತ್ರೆಯೋರು ಸುಳ್ಳು ತೋರಿಸಿದ್ವಿ ಅಂತಲಾ? ಕೊಟ್ಟ ಹಣ ವಾಪಸ್ ಕೇಳ್ತಾರೆ. ನನ್ನ ಕತ್ತು ಹೋಗುತ್ತೆ."

"ತಪ್ಪಾಗಿ ತಿಳ್ಕೊಂಡ್ರಿ ಅಂತ ಬರೀರಿ."

ಅವನು ಖಾನೆಯಿಂದ ಸಾಲ ಕೊಟ್ಟವರ ದಪ್ಪನೆ ವರದಿಯನ್ನು ತೆಗೆದು, ಹಾಳೆ ಮಗುಚಿ, ಒಂದು ಸಾಲಿಗೆ ಬೆರಳಿಟ್ಟು ಅವಳ ಕಡೆ ತಿರುಗಿಸಿದ. "ಓದೋಕೆ ಬರಲ್ಲ ಅಲ್ವಾ, ಕೇಳು. ಸಿಬ್ಬಂದಿಯನ್ನು ವಿಚಾರಿಸಲಾಗಿ, ಹಾಸಿಗೆಗಳು ಯಾವಾಗಲೂ ಇದೇ ಪ್ರಮಾಣದಲ್ಲಿ ಖಾಲಿ ಇರುತ್ತವೆ ಎಂದು ದೃಢಪಡಿಸಿದರು. ಯಾರು ಆ ಸಿಬ್ಬಂದಿ? ನಾನಾ?"

ಬಿಳಿಯಕ್ಕ ಅವನ ಬೆರಳಿದ್ದ ಸಾಲನ್ನೇ ನೋಡಿದಳು.

"ನಾನು ನೆಲದೋರನ್ನ ಎಬ್ಬಿಸಿ, ಹಾಸಿಗೆಗೆ ಒಬ್ಬರನ್ನ ಇಡಿ ಅಂದೆ. ಮೂವತ್ತೆರಡಕ್ಕೆ ಮೂವತ್ತೆರಡೂ ತುಂಬಿರೋದು. ಹದಿನೆಂಟು ಖಾಲಿ ಬಿಡಿಸಿದ್ದು ಯಾರು, ಹೇಳು ಬೋಸುಡಿ. ನಿನ್ನ ಶೀಟಿನ ಶೋಕಿಗೆ ನನ್ನ ವಾರ್ಡು ಹೋಯ್ತು. ನಿನ್ನನ್ನ ತೆಗೀಬಾರ್ದು ಅಂತಲೂ ಬರ್ದಿದಾರೆ, ಗೊತ್ತಾ? ಕೆಲಸ ಬಹಳ ಅಚ್ಚುಕಟ್ಟಂತೆ. ಹೋಗು, ಒಗೆ."

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅವನು ಬೈದದ್ದರಲ್ಲಿ ಒಂದು ಮಾತಾದರೂ ಸುಳ್ಳಿದ್ದಿದ್ದರೆ ಎದ್ದು ಹೋಗಿ ಅವನ ಮುಖಕ್ಕೆ ಉಗಿದು ಬರುತ್ತಿದ್ದಳು. ಹುಡುಕಿದಳು. ಸಿಗಲಿಲ್ಲ.

ಏಳನೇ ವಾರ್ಡಿನಲ್ಲಿ ಆಗಲೇ ಹಾಸಿಗೆಗೆ ಇಬ್ಬರಿದ್ದರು. ಆರರಿಂದ ಹೋದವರು ಹೊರಗಿನ ಓಣಿಯಲ್ಲಿ ಗೋಡೆಗೊರಗಿ ಕೂತರು. ಕೂರಲಾಗದವರನ್ನು ಮನೆಗೆ ಕಳಿಸಿದರು. ಜಾಗ ಆದಾಗ ಹೇಳಿ ಕಳಿಸ್ತೀವಿ ಅಂದರು. ತಂಗಿಯನ್ನು ಬಿಳಿಯಕ್ಕ ತನ್ನ ಕೋಣೆಗೆ ಕರೆದುಕೊಂಡು ಬಂದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ, ಒಂದೇ ಕಿಟಕಿ. ಬಾಡಿಗೆ ಸಿಲಿಂಡರು ಮೂರು ದಿನಕ್ಕೊಮ್ಮೆ ಬರುತ್ತಿತ್ತು, ಒಂದೂವರೆ ದಿನಕ್ಕೆ ಮುಗಿಯುತ್ತಿತ್ತು. ತಂಗಿಗೆ ಮಲಗಲು ಆಗುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಡಿಲಲ್ಲಿ ದಿಂಬಿಟ್ಟುಕೊಂಡು, ಅದರ ಮೇಲೆ ಕೈ ಊರಿ, ಮುಂದಕ್ಕೆ ಬಾಗಿ ಹಗಲೂ ರಾತ್ರಿ ಕೂತಿರುತ್ತಿದ್ದಳು. ಮೂರು ವಾರ ಹಾಗೇ ಕೂತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಗಂಜಿ ಕುಡಿಸುತ್ತ ಬಿಳಿಯಕ್ಕ ಹೇಳಿಬಿಟ್ಟಳು. "ನಾನೇ ಕಣೇ ಹೇಳಿದ್ದು."

"ಏನು?"

"ಯಾವಾಗ್ಲೂ ಖಾಲಿ ಇರುತ್ತೆ ಅಂತ. ಆ ಹೆಂಗಸಿಗೆ. ಹಾಸಿಗೆ ಖಾಲಿ ಮಾಡ್ಸಿದ್ದೂ ನಾನೇ. ಅದನ್ನೇ ಬರ್ಕೊಂಡು ಹೋಗಿ ಮುಚ್ಚಿಸಿದಾರೆ."

ತಂಗಿ ದಿಂಬಿನ ಮೇಲೆ ಇನ್ನಷ್ಟು ಮುಂದಕ್ಕೆ ಬಾಗಿದಳು. ಅವಳಿಗೆ ಈಗ ಒಂದು ಮಾತಿಗೆ ನಾಲ್ಕು ಉಸಿರು ಬೇಕಿತ್ತು. ಅಷ್ಟನ್ನು ಕೂಡಿಸಿಕೊಳ್ಳುತ್ತಿದ್ದಳೋ, ಕೋಪವನ್ನು ನುಂಗುತ್ತಿದ್ದಳೋ ತಿಳಿಯಲಿಲ್ಲ.

"ಮತ್ತೇನು ಹೇಳ್ಬೇಕಿತ್ತು," ಎಂದಳು ಕೊನೆಗೆ. "ಮನೆಗೆ ಬಂದೋರು ಜಾಗ ಇದೆಯಾ ಅಂದ್ರೆ... ಇಲ್ಲ ಅಂತಾರಾ ಯಾರಾದ್ರೂ?"

ಬಿಳಿಯಕ್ಕ ಬಟ್ಟಲು ಕೆಳಗಿಟ್ಟು, ತಂಗಿಯ ಮಡಿಲಲ್ಲಿದ್ದ ದಿಂಬಿಗೆ ಮುಖ ಒತ್ತಿ ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ತಂಗಿ ಒಂದು ಕೈಯಿಂದ ಅವಳ ತಲೆ ಸವರುತ್ತ, ಇನ್ನೊಂದು ಕೈಯನ್ನು ಉಸಿರಿಗಾಗಿ ದಿಂಬಿಗೆ ಊರಿಕೊಂಡೇ ಇದ್ದಳು.

ಅದಾದ ನಾಲ್ಕನೇ ದಿನ ಮ್ಯಾನೇಜರು ಒಗೆಯುವ ಮನೆಗೆ ಬಂದ. ಈ ಸಲ ಮೂಗಿಗೆ ಕರವಸ್ತ್ರ ಇರಲಿಲ್ಲ. "ಬಿಳಿಯಕ್ಕ, ಸೋಮವಾರ ಅವರು ಮತ್ತೆ ಬರ್ತಿದಾರೆ. ಹೇಳಿದ್ದೆಲ್ಲ ಮಾಡಿದೀವಾ ಅಂತ ನೋಡೋಕೆ. ಏಳನೇ ವಾರ್ಡು ಹಂಗೇ ಚೆನ್ನಾಗಿ ಮಾಡ್ಕೊಡಮ್ಮ. ಓಣಿಯೋರನ್ನೆಲ್ಲ ಬೆಳಿಗ್ಗೆನೇ ಎಲ್ಲಾದ್ರೂ ಸಾಗಿಸಿಬಿಡು. ನಿನ್ನ ಮಾತಾದ್ರೆ ಕೇಳ್ತಾರೆ."

"ಸಾಗಿಸ್ತೀನಿ ಸಾರ್," ಎಂದಳು.

ಆರನೇ ವಾರ್ಡಿನ ಬೀಗದ ಕೈ ಅವಳ ಹತ್ತಿರವೇ ಇತ್ತು. ಹಾಸಿಗೆಗಳಿನ್ನೂ ಅಲ್ಲೇ ಇದ್ದುದರಿಂದ ಅವುಗಳ ಲೆಕ್ಕ ಬಟ್ಟೆ ಉಗ್ರಾಣಕ್ಕೆ ಸೇರಿತ್ತು. ಸೋಮವಾರ ಏಳು ಗಂಟೆಗೆ ಅವಳು ಬಾಗಿಲು ತೆರೆದಳು. ಕೊಳಕು ಬಟ್ಟೆ ಸಾಗಿಸುವ ಗಾಡಿಗಳಲ್ಲಿ ಓಣಿಯವರನ್ನು ಕೂರಿಸಿ, ಕೆಲಸ ಕಳೆದುಕೊಂಡ ನಾಲ್ವರು, ಉಳಿದ ಮೂವರು ತಳ್ಳಿಕೊಂಡು ಬಂದರು. ಮನೆಗೆ ಹೋಗಿದ್ದವರಲ್ಲಿ ಬದುಕಿದ್ದವರನ್ನು ಅವರವರ ಮಕ್ಕಳು, ಸೊಸೆಯರು ಹೊತ್ತು ತಂದರು. ತಂಗಿಯನ್ನು ಪೇಪರ್ ಬೆನ್ನ ಮೇಲೆ ಹೊತ್ತು ತಂದ. ಆಕ್ಸಿಜನ್ ಕೊಳವೆಯ ದೊಡ್ಡ ತಿರುಗಣಿಯನ್ನು ಸುತ್ತಿಗೆಯಲ್ಲಿ ಬಡಿದು ತೆರೆದವನೂ ಅವನೇ. ಗೋಡೆ ಒಮ್ಮೆ ಕೆಮ್ಮಿ, ಆಮೇಲೆ ಸುಯ್ಯೆಂದಿತು.

"ನನ್ನ ಕೆಲಸ ಹೋಗುತ್ತೆ ಕಣೇ," ಎಂದಳು ನರ್ಸಮ್ಮ ಬಾಗಿಲಲ್ಲಿ ನಿಂತು. ಆಮೇಲೆ ತೋಳು ಮೇಲೇರಿಸಿಕೊಂಡು ಒಳಗೆ ಬಂದು ಕೊಳವೆ ಸಿಕ್ಕಿಸಲು ಶುರುಮಾಡಿದಳು.

ಅವತ್ತು ಆರನೇ ವಾರ್ಡಿಗೆ ಬಿಳಿಯಕ್ಕ ಒಂದೇ ಒಂದು ಶೀಟೂ ತರಲಿಲ್ಲ. ಹರಿದ ರೆಕ್ಸಿನ್ನಿನ ಹಾಸಿಗೆಯ ಮೇಲೆ, ನಾರು ಎದ್ದ ಜಾಗದಲ್ಲಿ, ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಮಲಗಿದರು. ಹಾಸಿಗೆ ಹತ್ತಲಾಗದವರು ನೆಲದ ಮೇಲೆ ಮಲಗಿದರು. ಯಾರೂ ತಲೆ ಬಾಚಿಕೊಳ್ಳಲಿಲ್ಲ. ಕೆಮ್ಮು ಬಂದವರು ಬಾಯಿ ತೆರೆದು ಕೆಮ್ಮಿದರು.

"ಆ ಹೆಂಗಸು ಬಂದ್ರೆ ಏನಂತೀಯೇ?" ಎಂದಳು ಸೊಪ್ಪಿನಜ್ಜಿ.

"ಏನೂ ಅನ್ನಲ್ಲ. ನೋಡಮ್ಮ ಅಂತೀನಿ."

ಒಂಬತ್ತಾಯಿತು, ಹನ್ನೊಂದಾಯಿತು. ಕಾರಿನ ಸದ್ದಾದಾಗೆಲ್ಲ ಎಲ್ಲರ ಕಣ್ಣೂ ಬಾಗಿಲಿಗೆ ಹೋಗುತ್ತಿದ್ದವು. ಹನ್ನೆರಡೂವರೆಗೆ ಪೇಪರ್ ಬಂದು ಬಾಗಿಲಲ್ಲಿ ನಿಂತ. ಅವನ ಮುಖ ಸತ್ತುಹೋಗಿತ್ತು.

"ಬರಲ್ವಂತೆ ಅಕ್ಕ. ಮಂತ್ರಿ ಆಫೀಸಲ್ಲೇ ಕಾಗದ ನೋಡಿ ಎಲ್ಲ ಸರಿ ಇದೆ ಅಂದ್ರಂತೆ. ಬೆಳಿಗ್ಗೆ ವಿಮಾನಕ್ಕೇ ಹೋದ್ರಂತೆ, ಡ್ರೈವರ್ ಹೇಳ್ದ."

ಗೋಡೆಯ ಕೊಳವೆಗಳ ಸದ್ದು ಮಾತ್ರ ಇತ್ತು. ಬಿಳಿಯಕ್ಕ ವಾರ್ಡಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಇಷ್ಟು ಜನರನ್ನು ಎರಡನೇ ಸಲ ಎಬ್ಬಿಸಿ ಸಾಗಿಸಿದ್ದಾಗಿತ್ತು, ಎರಡನೇ ಸಲವೂ ಯಾರಿಗೋ ತೋರಿಸಲು. ನೋಡುವವರೇ ಇಲ್ಲ.

"ಹಂಗಾದ್ರೆ ಎದ್ದು ಹೋಗೋದಾ?" ಎಂದಿತು ಮೂಲೆಯಿಂದೊಂದು ದನಿ.

"ಅವಳು ಬರದಿದ್ರೆ ನಿನಗೆ ಉಸಿರು ಬೇಡ್ವೇನೇ?" ಎಂದಳು ಅಜ್ಜಿ. "ನನ್ನ ಕೈಲಿ ಏಳಕ್ಕಾಗಲ್ಲ. ಎಬ್ಬಿಸೋ ಗಂಡಸು ಬರ್ಲಿ, ನೋಡ್ತೀನಿ." ಅಲ್ಲಿ ಇಲ್ಲಿ ಒಂದಿಬ್ಬರು ನಕ್ಕರು. ಒಬ್ಬರೂ ಏಳಲಿಲ್ಲ.

ತಂಗಿ ಬಾಗಿಲ ಪಕ್ಕದ ಹಾಸಿಗೆಯಲ್ಲಿದ್ದಳು. ಕೊಳವೆ ಸಿಕ್ಕಿಸಿದ ಮೇಲೆ ಮೂರು ವಾರದಲ್ಲಿ ಮೊದಲ ಸಲ ಬೆನ್ನು ಹಾಸಿಗೆಗೆ ತಾಗಿಸಿ ನೀಳವಾಗಿ ಮಲಗಿದ್ದಳು. "ಮಲಗೋದು ಎಷ್ಟು ಚೆನ್ನಾಗಿರುತ್ತೆ ಅಕ್ಕ," ಎಂದಳು. "ಮರ್ತೇಹೋಗಿತ್ತು." ಬಿಳಿಯಕ್ಕ ಅವಳ ಪಕ್ಕ ಒತ್ತರಿಸಿಕೊಂಡು ಮಲಗಿ, ಕೈ ಹಿಡಿದುಕೊಂಡಳು. ತಂಗಿ ಮಾತಾಡುತ್ತಾಡುತ್ತ ನಿದ್ದೆ ಹೋದಳು. ಮಿಲ್ಲಿನ ಯಾವುದೋ ಗೆಳತಿಯ ಮಾತು, ಅರ್ಧಕ್ಕೇ ನಿಂತಿತು.

ಎರಡು ಗಂಟೆಯ ಹೊತ್ತಿಗೆ ಆ ಕೈಯ ಭಾರ ಬೇರೆಯಾಯಿತು. ಬಿಳಿಯಕ್ಕ ಕದಲಲಿಲ್ಲ. ಸುತ್ತಿನಲ್ಲಿ ಬಂದ ನರ್ಸಮ್ಮ ಮಣಿಕಟ್ಟಿಗೆ ಬೆರಳಿಟ್ಟಳು, ಕತ್ತಿಗೆ ಇಟ್ಟಳು, ಬಿಳಿಯಕ್ಕನ ಮುಖ ನೋಡಿದಳು.

"ಹೇಳ್ಬೇಡಿ ಅಮ್ಮ," ಎಂದಳು ಬಿಳಿಯಕ್ಕ ಮೆಲ್ಲಗೆ. ಸತ್ತವರನ್ನು ಕಾಲು ಗಂಟೆಯೊಳಗೆ ಹಾಸಿಗೆಯಿಂದ ಎತ್ತಬೇಕೆಂಬುದು ಆಸ್ಪತ್ರೆಯ ನಿಯಮ. ನರ್ಸಮ್ಮ ಕೊಳವೆ ತೆಗೆಯಲಿಲ್ಲ. ಕಣ್ಣೊರೆಸಿಕೊಂಡು ಮುಂದಿನ ಹಾಸಿಗೆಗೆ ಹೋದಳು. ಅತ್ತರೆ ಗೊತ್ತಾಗಿಬಿಡುತ್ತದೆ ಎಂದು ಬಿಳಿಯಕ್ಕ ತಂಗಿಯ ಹೆಗಲಿಗೆ ಮುಖ ಒತ್ತಿಕೊಂಡಳು.

ಮೂರಕ್ಕೆ ಮ್ಯಾನೇಜರು ಬಂದ. ಜೊತೆಗೆ ಇಬ್ಬರು ಕಾವಲಿನವರು, ಪುಸ್ತಕ ಹಿಡಿದ ಗುಮಾಸ್ತ. ಬೀಗ ಹಾಕಿದ ಸರ್ಕಾರಿ ಜಾಗಕ್ಕೆ ನುಗ್ಗಿದವರ ಮೇಲೆ ಪೊಲೀಸಿಗೆ ದೂರು ಕೊಡುವುದಕ್ಕೆ ಹೆಸರು ಬೇಕಾಗಿತ್ತು.

"ಒಬ್ಬೊಬ್ಬರದೂ ಬರ್ಕೋ. ಒಂದೂ ಬಿಡ್ಬೇಡ. ಇವತ್ತು ಈ ಸೂಳೇರಿಗೆಲ್ಲ ಜೈಲು ತೋರಿಸ್ತೀನಿ."

ಗುಮಾಸ್ತ ಬಾಗಿಲ ಪಕ್ಕದಿಂದಲೇ ಶುರುಮಾಡಿದ. "ಈ ಹಾಸಿಗೇಲಿ ಎಷ್ಟು ಜನ?"

"ಇಬ್ರು," ಎಂದಳು ಬಿಳಿಯಕ್ಕ, ಮಲಗಿದಲ್ಲಿಂದಲೇ.

"ನಿಂದು ಗೊತ್ತು. ಇವಳನ್ನ ಎಬ್ಬಿಸು, ಹೆಸರು ಹೇಳ್ಲಿ."

"ಈಗ ನಿದ್ದೆ ಹತ್ತಿದೆ, ಎಬ್ಬಿಸಲ್ಲ. ನಾನು ಹೇಳ್ತೀನಿ, ಬರ್ಕೋ."

ಅವಳು ತಂಗಿಯ ಹೆಸರು ಹೇಳಿದಳು. ಅಪ್ಪನ ಹೆಸರು ಸೇರಿಸಿ, ಒಂದೊಂದು ಅಕ್ಷರ ಬಿಡಿಸಿ, ಅವನ ಪೆನ್ನು ಹಿಂದೆ ಬೀಳದ ಹಾಗೆ ನಿಧಾನವಾಗಿ ಹೇಳಿದಳು. ವಯಸ್ಸು ನಲವತ್ತೊಂದು. ಹತ್ತಿ ಮಿಲ್ಲು, ಹದಿನೆಂಟು ವರ್ಷ. ಆರನೇ ವಾರ್ಡು, ಒಂದನೇ ಹಾಸಿಗೆ.

"ಮಿಲ್ಲು ಗಿಲ್ಲು ಬೇಡ. ಹೆಸರು ಸಾಕು."

"ಬರ್ಕೊಂಡ್ಯಾ?"

"ಬರ್ಕೊಂಡೆ."

"ಓದಿ ಹೇಳು."

ಗುಮಾಸ್ತ ಮ್ಯಾನೇಜರ ಮುಖ ನೋಡಿದ. ಆಮೇಲೆ ಓದಿದ. ಬಿಳಿಯಕ್ಕ ತಣ್ಣಗಾಗುತ್ತಿದ್ದ ಆ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು, ತಲೆದೂಗಿ, "ಸರಿಯಾಗಿದೆ. ಮುಂದಕ್ಕೆ ಹೋಗು, ಇನ್ನೂ ಬಹಳ ಜನ ಇದೀವಿ," ಎಂದಳು.